ಎರಡು ಎಂಟು

ಎಂಟನೇ ಡಿಸ್ಕನ್ನು ಕಿತ್ತವನು ನೂಲಿನ ಗಿರಣಿಯ ಆಡಳಿತ ನಿರ್ದೇಶಕ ಷೌಕತ್. ಅಮಾನತಾದವಳು ಕಂಪ್ಯೂಟರ್ ಕೋಣೆಯ ವಿದಾದ್.

ಕಂಪ್ಯೂಟರ್ ಯಂತ್ರ ನಿಂತಾಗ ಸದರಿ ನೌಕರಳು ಸ್ಥಳದಲ್ಲಿ ಹಾಜರಿರಲಿಲ್ಲ ಎಂದು ಆದೇಶದಲ್ಲಿ ಬರೆದಿತ್ತು. ನಿಜ, ಇರಲಿಲ್ಲ. ಹೊಸ ಡಿಸ್ಕ್ ತರಲು ಅವಳು ಮೈಕ್ರೊಬಸ್ಸು ಹತ್ತಿ ತಂತಾ ಪಟ್ಟಣಕ್ಕೆ ಹೋಗಿದ್ದಳು. ಹೋಗಲು ಅಪ್ಪಣೆ ಕೊಟ್ಟ ಚೀಟಿಯಲ್ಲೂ ಅಮಾನತಿನ ಆದೇಶದಲ್ಲೂ ಇದ್ದದ್ದು ಒಂದೇ ಹಸಿರು ಶಾಯಿಯ ಸಹಿ, ಷೌಕತ್‌ನದು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಅವಳನ್ನು ಮತ್ತೆ ಕರೆಸಿದರು. ಗೇಟಿನ ಕಾವಲುಗಾರ ಅವಳ ಕೊರಳಿಗೆ 'ಸಂದರ್ಶಕರು' ಎಂಬ ಬಿಲ್ಲೆ ಹಾಕಿ, "ಇಪ್ಪತ್ತೆಂಟ ವರ್ಷ ಆತಲ್ಲಕ್ಕಾ ನೀ ಇಲ್ಲಿ ಬರಾಕ ಹತ್ತಿ. ಇವತ್ತ ಮೊದಲನೇ ಸಲ ಬಂದೀ ಅಂತ ಬರಕೋಬೇಕಂತ," ಎಂದು ನಾಚಿಕೊಂಡ.

"ಬರಕೋ. ಯಾರನ್ನ ನೋಡಾಕ ಬಂದಾಳ ಅಂತ ಕೇಳಿದರ ಏನಂತೀ?"

"ಯಂತ್ರಾನ ಅಂತ ಬರದೀನಿ."

ಅಮಾನತಾದವರು ಕಂಪ್ಯೂಟರ್ ಕೋಣೆಯೊಳಗೆ ಕಾಲಿಡಬಾರದು ಎಂದು ನಿಯಮಾವಳಿಯ ಹದಿನಾಲ್ಕನೇ ಕಲಮಿನಲ್ಲಿದೆ. ಆ ಯಂತ್ರದ ಜೊತೆ ಮಾತಾಡಬಲ್ಲವಳು ಗಿರಣಿಯಲ್ಲಿ ವಿದಾದ್ ಒಬ್ಬಳೇ. ಈ ತೊಡಕನ್ನು ಷೌಕತ್ ತಾನೇ ಬಿಡಿಸಿದ್ದ. "ಕಲಮು ಕಾಲಿನ ಬಗ್ಗೆ ಹೇಳಿದೆ, ಕೈಯ ಬಗ್ಗೆ ಏನೂ ಹೇಳಿಲ್ಲ," ಎಂದು ಕೀಬೋರ್ಡಿನ ತಂತಿಗೆ ಇನ್ನೊಂದು ಉದ್ದನೆಯ ತಂತಿ ಸೇರಿಸಿ, ಅದನ್ನು ಹೊಸ್ತಿಲು ದಾಟಿಸಿ ಕಾರಿಡಾರಿಗೆ ಎಳೆಸಿದ್ದ. ಅಲ್ಲೊಂದು ಕುರ್ಚಿ. ಕುರ್ಚಿಯಲ್ಲಿ ವಿದಾದ್, ತೊಡೆಯ ಮೇಲೆ ಕೀಬೋರ್ಡು. ಒಳಗಿನ ಪರದೆಯನ್ನು ಬಾಗಿಲ ಕಡೆ ತಿರುಗಿಸಿದ್ದರು. ಅಕ್ಷರ ಕಾಣಬೇಕಾದರೆ ಅವಳು ಕತ್ತು ಚಾಚಬೇಕು; ಚಾಚಿದಾಗಲೆಲ್ಲ ಷೌಕತ್ ಬಗ್ಗಿ ಅವಳ ಚಪ್ಪಲಿಯ ತುದಿ ಹೊಸ್ತಿಲು ದಾಟಿತೇ ಎಂದು ನೋಡುತ್ತಿದ್ದ.

"ಎಂಜಿನಿಯರಮ್ಮನವರೇ, ಸ್ವಲ್ಪ ಹಿಂದೆ."

ವಿದಾದ್ ಎಂಜಿನಿಯರ್ ಅಲ್ಲ. ಹದಿನೆಂಟನೇ ವರ್ಷಕ್ಕೆ ಕದಿರಿನ ಸಾಲಿನಲ್ಲಿ ನೂಲಲು ನಿಂತವಳು, ಕಾರ್ಮಿಕ ಸಂಘದ ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತು ಮಹಡಿ ಹತ್ತಿದವಳು. ಮಾಮೂಲು ದಿನ ಷೌಕತ್ ಅವಳನ್ನು 'ಏ ವಿದಾದ್' ಎನ್ನುತ್ತಿದ್ದ. ಹೊರಗಿನವರು ಬಂದರೆ 'ಮೇಡಂ'. ಎಂಜಿನಿಯರಮ್ಮ ಎಂದನೆಂದರೆ ಅವನಿಗೆ ಏನೋ ಬೇಕಾಗಿದೆ ಎಂದೇ ಲೆಕ್ಕ. ಅವನನ್ನು ಎಲ್ಲರೂ ಅರಸರ ಕಾಲದ ಬಿರುದು ಹಿಡಿದು ಪಾಷಾ ಎಂದು ಕರೆಯಬೇಕಿತ್ತು. ಪಾಷಾಗಳ ಕಾಲ ಮುಗಿದು ಎಪ್ಪತ್ತು ವರ್ಷವಾಯಿತು ಎಂಬ ಸುದ್ದಿಯನ್ನು ಅವನಿಗೆ ಮುಟ್ಟಿಸುವ ಧೈರ್ಯ ಗಿರಣಿಯಲ್ಲಿ ಯಾರಿಗೂ ಬಂದಿರಲಿಲ್ಲ.

"ಇತ್ರೀಸ್! ಎಂಜಿನಿಯರಮ್ಮನವರಿಗೆ ಚಹಾ."

"ಹಾಜರ್, ಪಾಷಾ."

ಇತ್ರೀಸ್ ಕಾಕಾ ಮೆಟ್ಟಿಲ ಕಡೆಯಿಂದ ತಟ್ಟೆ ಹಿಡಿದು ಬಂದ. ಮೂವತ್ತು ವರ್ಷ ಹತ್ತಿ ಹಿಂಜುವ ವಿಭಾಗದಲ್ಲಿ ಬಿಳಿ ದೂಳು ಕುಡಿದವನು. ಎದೆ ಕೈಕೊಟ್ಟ ಮೇಲೆ ಅವನನ್ನು ಚಹಾಕ್ಕೆ ಹಾಕಿದ್ದರು. ಒಂದು ಮಹಡಿ ಹತ್ತುವಾಗ ನಡುವೆ ಎರಡು ಸಲ ನಿಲ್ಲುತ್ತಿದ್ದ. ಯಾರಾದರೂ ನೋಡಿದರೆ ಗೋಡೆಯ ಇಟ್ಟಿಗೆ ಎಣಿಸುತ್ತಿದ್ದೇನೆ ಎನ್ನುತ್ತಿದ್ದ. ಯಾರು ಏನು ಹೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಹಾಜರ್ ಎಂಬ ಒಂದೇ ಮಾತು. ಮಸೀದಿಯ ಇಮಾಮರು ನಿದ್ದೆಯಲ್ಲಿ ಅವನ ಹೆಸರು ಹಿಡಿದು ಕರೆದರೂ ಸಕ್ಕರೆ ಡಬ್ಬಿ ಹಿಡಿದು ಓಡಿಬರುತ್ತಾನೆ ಎಂದು ಹುಡುಗಿಯರು ನಗಾಡುತ್ತಿದ್ದರು.

"ಎಷ್ಟ ಸಕ್ಕರಿ ಹಾಕ್ಲಿ ತಂಗಿ?" ಎಂದ ಗ್ಲಾಸು ಕೊಡುತ್ತ. "ಅಮಾನತಿನ್ಯಾಗ ಇದ್ದೋರಿಗೆ ಒಂದ್ ಚಮಚಾ ಜಾಸ್ತಿ. ನಾನ ಮಾಡೀನಿ ಕಾನೂನ."

"ಹಂಗಾರ ನಾಕ ಹಾಕ ಕಾಕಾ. ಎಷ್ಟ ದಿನದ ಅಮಾನತೋ ಯಾರಿಗೆ ಗೊತ್ತು."

ತಟ್ಟೆಯ ಹಿಡಿಕೆಗೆ ಎಂಟು ಬಣ್ಣದ ಎಂಟು ನೂಲಿನ ಎಳೆ ಕಟ್ಟಿದ್ದವು. ವಿದಾದ್ ಅವನ್ನು ನೋಡಿದಳು. ಕಾಕಾ ಅವಳನ್ನು ನೋಡಿದ. ಎಲ್ಲ ಕೆಟ್ಟದ್ದೂ ಶುರುವಾದದ್ದು ಆ ಎಳೆಗಳನ್ನು ಬಿಚ್ಚಿದಾಗ.

ಐದು ವರ್ಷದ ಹಿಂದೆ ಯಂತ್ರ ಬಂದಾಗ ರಿಬ್ಬನ್ ಕತ್ತರಿಸಿದವನು ಷೌಕತ್. ಯಂತ್ರದ ಮುಖಕ್ಕೆ ಎಂಟು ಗೂಡು, ಗೂಡಿಗೊಂದು ಡಿಸ್ಕು. ಒಂದರಿಂದ ಎಂಟರವರೆಗೆ ಚಿನ್ನದ ಬಣ್ಣದ ಅಂಕಿಗಳನ್ನು ಅಚ್ಚು ಹಾಕಿಸಿ, ಫೋಟೋ ತೆಗೆಯುವವನ ಎದುರು ತಾನೇ ಒಂದೊಂದಾಗಿ ಅಂಟಿಸಿದ್ದ. ನಮ್ಮ ಅರಬ್ಬಿ ಅಂಕಿಯಲ್ಲಿ ಏಳು ಅಂದರೆ ಎರಡು ಕೈ ಮೇಲೆತ್ತಿ ದುವಾ ಕೇಳುವ ಮನುಷ್ಯ. ನಮ್ಮ ಎಂಟು ಅಂದರೆ ಅದೇ ಮನುಷ್ಯ ತಲೆ ಕೆಳಗಾಗಿ ನಿಂತದ್ದು. ಷೌಕತ್ ಕ್ಯಾಮೆರಾ ಕಡೆ ನೋಡುತ್ತಾ ಏಳನ್ನು ತಲೆಕೆಳಗಾಗಿ ಅಂಟಿಸಿದ. ಹಾಗಾಗಿ ಯಂತ್ರದಲ್ಲಿ ಏಳು ಇರಲಿಲ್ಲ, ಎಂಟು ಎರಡಿದ್ದವು.

"ಪಾಷಾ, ಏಳು ಉಲ್ಟಾ ಆಗೇತ್ರಿ," ಎಂದು ವಿದಾದ್ ಅಂದೇ ಹೇಳಿದ್ದಳು.

"ನಿರ್ದೇಶಕರು ಅಂಟಿಸಿದ್ದು ಉಲ್ಟಾ ಆಗಲ್ಲ," ಎಂದು ಷೌಕತ್ ಹೇಳಿ, ಫೋಟೋಕ್ಕೆ ಚೌಕಟ್ಟು ಹಾಕಿಸಲು ಕಳಿಸಿದ್ದ.

ಆಗ ಅವಳು ತನಗೆ ಗೊತ್ತಿದ್ದ ಕೆಲಸ ಮಾಡಿದಳು. ಕೆಳಗಿನ ವಿಭಾಗದಿಂದ ಎಂಟು ಬಣ್ಣದ ನೂಲು ತಂದು ಗೂಡಿಗೊಂದು ಕಟ್ಟಿದಳು. ಡಿಸ್ಕಿನ ಮೈಮೇಲೆ ಕಾರ್ಖಾನೆಯವರು ಒತ್ತಿದ ಉದ್ದನೆಯ ನಂಬರನ್ನು ಬಣ್ಣದ ಎದುರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಕೆಂಪು ಏಳು. ನೀಲಿ ಎಂಟು. ಐದು ವರ್ಷ ತೊಂದರೆ ಇರಲಿಲ್ಲ.

ಈ ಎಂಟು ಡಿಸ್ಕು ಒಟ್ಟಾಗಿ ಮಾಡುವ ಕೆಲಸಕ್ಕೆ ಪುಸ್ತಕದಲ್ಲಿ ರೇಡ್ ಎಂದು ಹೆಸರು. ವಿದಾದ್ ಅದನ್ನು ಪಾಳಿ ಎನ್ನುತ್ತಿದ್ದಳು. ಕಾಕಾ ಒಮ್ಮೆ ಕೇಳಿದ್ದಕ್ಕೆ ಹೀಗೆ ವಿವರಿಸಿದ್ದಳು: "ನಮ್ಮ ಸಾಲಿನ್ಯಾಗ ಎಂಟ್ ಮಂದಿ ಇದ್ವಿ ನೆನಪೈತಿಲ್ಲ? ಒಬ್ಬಾಕಿ ಕೂಸಿಗೆ ಹಾಲ ಕುಡಿಸಾಕ ಹೋದರ ಉಳದ ಏಳ ಮಂದಿ ಆಕಿ ಕದರ ನೋಡಕೋತಿದ್ವಿ. ಮೇಸ್ತ್ರಿ ಬಂದರ ಒಂದ ಎಳಿನೂ ಹರದಿರತಿದ್ದಿಲ್ಲ. ಇದೂ ಹಂಗ. ಯಾವದರೆ ಒಂದ ಸತ್ತರ ಉಳದ ಏಳು ಸೇರಿ ಸತ್ತದ್ದರ ಪಾಲಿನ ಮಾತ ಹೇಳತಾವು."

"ಇಬ್ಬರು ಹ್ವಾದರ?"

"ಇಬ್ಬರು ಹ್ವಾದರ ಎಲ್ಲಾ ಎಳಿ ಹರದು ನೆಲಕ್ಕ."

ಕಾಕಾನಿಗೆ ಅದು ಚೆನ್ನಾಗಿ ಅರ್ಥವಾಗಿತ್ತು. ಷೌಕತ್‌ಗೆ ಆಗಿರಲಿಲ್ಲ. ಬೇರೊಂದು ಪೆಟ್ಟಿಗೆಯಲ್ಲಿ ಇನ್ನೊಂದು ಪ್ರತಿ ಇಡೋಣ ಎಂದು ಅವಳು ಮೂರು ಸಲ ಅರ್ಜಿ ಬರೆದಿದ್ದಳು. "ಆಗಲೇ ಎಂಟಿವೆ, ಒಂಬತ್ತನೆಯದು ದುಂದು," ಎಂದು ಮೂರು ಸಲವೂ ಹಸಿರು ಶಾಯಿಯಲ್ಲಿ ಉತ್ತರ ಬಂದಿತ್ತು.

ಆ ಡಿಸ್ಕುಗಳಲ್ಲಿ ಇದ್ದದ್ದು ಉಸಿರು. ಇಪ್ಪತ್ತು ವರ್ಷದಿಂದ ಪ್ರತಿ ಚಳಿಗಾಲ ಗಿರಣಿಯ ಒಂದೊಂದು ಜೀವವೂ ವೈದ್ಯರ ಕೊಳವೆಯೊಳಗೆ ಊದಿದ ಉಸಿರಿನ ಅಳತೆ. ವರ್ಷ ವರ್ಷಕ್ಕೂ ಇಳಿಯುತ್ತಾ ಹೋದ ಅಂಕಿಗಳು. ಕಾಕಾನ ಹೆಸರಿನ ಮುಂದೆ ಗಿರಣಿಯ ವೈದ್ಯರು 'ಧೂಮಪಾನ' ಎಂದು ಬರೆದಿದ್ದರು. ಕಾಕಾ ಬದುಕಿನಲ್ಲಿ ಒಂದು ಸಿಗರೇಟೂ ಸೇದಿದವನಲ್ಲ. ಕಾಗದದ ಕಡತಗಳನ್ನು ಹೋದ ವರ್ಷ ಆಧುನೀಕರಣದ ಹೆಸರಲ್ಲಿ ರದ್ದಿಗೆ ಹಾಕಿದ್ದರು. ಆಮೇಲೆ ಒಂದು ದಿನ ಕಾಕಾ ನಾಲೆಯ ಸೇತುವೆ ಮೇಲೆ ಹುರಿದ ಬೀಜ ಕೊಂಡರೆ, ಪೊಟ್ಟಣ ಕಟ್ಟಿದ ಕಾಗದದಲ್ಲಿ ಸತ್ತುಹೋದ ತನ್ನ ಜೊತೆಗಾರ ಸನೂಸಿಯ ಉಸಿರಿತ್ತು. ಬೀಜ ತಿನ್ನಲಾಗದೆ ಪೊಟ್ಟಣವನ್ನು ಹಾಗೇ ಸನೂಸಿಯ ಹೆಂಡತಿಗೆ ಕೊಟ್ಟು ಬಂದಿದ್ದ.

ಗುರುವಾರ ಕೈರೋದಿಂದ ವಿಚಾರಣಾ ಸಮಿತಿ ಬರುವುದಿತ್ತು. ದೂಳಿನಿಂದ ಎದೆ ಹೋಯಿತೋ ಇಲ್ಲವೋ ಎಂದು ಅದು ತೀರ್ಮಾನ ಮಾಡಬೇಕು. ಸಂಘದವರು ಒಂಬತ್ತು ವರ್ಷ ಹೊಡೆದಾಡಿ ತರಿಸಿದ ಸಮಿತಿ.

ಭಾನುವಾರ ಏಳನೇ ಡಿಸ್ಕು ಸತ್ತಿತು. ಸಾಯುವ ಹಕ್ಕು ಅದಕ್ಕಿತ್ತು, ಐದು ವರ್ಷ ದುಡಿದಿತ್ತು. ಪಾಳಿ ನಿಲ್ಲಲಿಲ್ಲ. ಸೋಮವಾರ ವಿದಾದ್ ಹೊಸದನ್ನು ತರಲು ಹೋಗುವಾಗ 'ಯಾರೂ ಮುಟ್ಟಬಾರದು' ಎಂದು ಚೀಟಿ ಅಂಟಿಸಿ ಹೋದಳು. ಯಾರೂ ಎಂಬ ಮಾತಿನಲ್ಲಿ ತಾನು ಸೇರುತ್ತೇನೆ ಎಂದು ಷೌಕತ್‌ಗೆ ಹೊಳೆಯಲಿಲ್ಲ. ಸಮಿತಿಗೆ ಕೋಣೆ ಚೊಕ್ಕಟವಾಗಿ ಕಾಣಬೇಕೆಂದು ಒಳಗೆ ಬಂದವನು ಮೊದಲು ನೂಲಿನ ಎಳೆಗಳನ್ನು ನೋಡಿದ.

"ಇದೇನಿದು, ತಾಯತದ ಅಂಗಡಿಯೇ? ಇತ್ರೀಸ್, ಎಲ್ಲ ಕತ್ತರಿಸಿ ಬಿಸಾಕು."

"ಹಾಜರ್, ಪಾಷಾ," ಎಂದ ಕಾಕಾ. ಆದರೆ ನೂಲುವವನ ಕೈ ನೂಲನ್ನು ಕತ್ತರಿಸುವುದಿಲ್ಲ. ಒಂದೊಂದೇ ಗಂಟು ಬಿಚ್ಚಿ, ಇದ್ದ ಸಾಲಿನಲ್ಲೇ ತಟ್ಟೆಯ ಹಿಡಿಕೆಗೆ ಕಟ್ಟಿಕೊಂಡ.

ಆಮೇಲೆ ಷೌಕತ್ ಕೆಟ್ಟ ಡಿಸ್ಕನ್ನೂ ತೆಗೆದುಬಿಡೋಣ ಎಂದು ಏಳನ್ನು ಹುಡುಕಿದ. ಏಳು ಇಲ್ಲ. ಎಂಟು ಎರಡಿವೆ. ಮೂವತ್ತು ವರ್ಷದ ಆಡಳಿತಾನುಭವ ಅವನ ನೆರವಿಗೆ ಬಂತು: ಒಂದೇ ನಂಬರಿನ ಎರಡು ಕಡತ ಇದ್ದರೆ ಒಂದು ಹೆಚ್ಚುವರಿ. ಹೆಚ್ಚುವರಿ ಎಂದು ಕಂಡದ್ದನ್ನು, ತುದಿಯಲ್ಲಿದ್ದ ನಿಜವಾದ ಎಂಟನ್ನು, ಹಿಡಿದೆಳೆದ. ಯಂತ್ರ ಕಿರ್ರೆಂದಿತು. ಗಾಬರಿಯಿಂದ ವಾಪಸು ತುರುಕಿದ. ಯಂತ್ರ ಅದನ್ನು ಒಪ್ಪಲಿಲ್ಲ. ಇಬ್ಬರು ಹೋದ ಪಾಳಿ ಕದಿರು ನಿಲ್ಲಿಸಿ ಕೂತಿತ್ತು. ಇದಿಷ್ಟನ್ನೂ ಕಾಕಾ ಸಕ್ಕರೆ ಡಬ್ಬಿ ಎದೆಗೆ ಒತ್ತಿಕೊಂಡು ನೋಡಿದ್ದ.

ಈಗ ವಿದಾದ್ ಕತ್ತು ಚಾಚಿ ಪರದೆ ಓದುತ್ತಿದ್ದಳು. ಒಂದೊಂದು ಡಿಸ್ಕನ್ನೂ ಹೆಸರು ಹಿಡಿದು ವಿಚಾರಿಸಿದಳು. ಓದುತ್ತ ಓದುತ್ತ ಅವಳ ಮುಖ ಅರಳಿತು.

"ಪಾಷಾ, ಏನೂ ಹೋಗಿಲ್ಲ!"

"ಏನು?"

"ನೀವು ಹೊರಗ ಎಳದು ಒಳಗ ಹಾಕೋದರಾಗ ಎಂಟನೇದು ನಾಕ ಮಾತ ಹಿಂದ ಬಿದ್ದೈತಿ, ಅಷ್ಟ. ಅದರ ಹಣಿ ಮ್ಯಾಲೆ ಇನ್ನೂ ತನ್ನ ಹೆಸರ, ತನ್ನ ಪಾಳಿ, ಎಲ್ಲಾ ಬರದೈತಿ. ಯಂತ್ರ ನಿಮ್ಮ ಬಂಗಾರದ ಅಂಕಿ ನೋಡೂದಿಲ್ಲ, ಇದನ್ನ ನೋಡತೈತಿ. ಒಂದ ಮಾತ ಜೋರ ಮಾಡಿ ಹೇಳಿದರ ಅದನ್ನ ಮತ್ತ ಪಾಳಿಗೆ ಸೇರಿಸಿಕೊಳ್ತೈತಿ. ಏಳ ಆತು. ತಂತಾದಿಂದ ತಂದದ್ದನ್ನ ಸತ್ತದ್ದರ ಗೂಡಿನ್ಯಾಗ ಇಟ್ಟರ ಸಂಜಿ ಮಗ್ರಿಬ್ ನಮಾಜಿನ ಹೊತ್ತಿಗೆ ಎಂಟೂ ತುಂಬತಾವು."

"ಅಲ್‌ಹಮ್ದುಲಿಲ್ಲಾ!" ಎಂದು ಕಾಕಾ ಅಷ್ಟು ಜೋರಾಗಿ ಕೂಗಿದನೆಂದರೆ ಕೆಮ್ಮು ಬಂದು ತಟ್ಟೆಯ ಚಮಚಗಳೆಲ್ಲ ಕುಣಿದವು.

ಷೌಕತ್‌ನ ಮುಖ ಮಾತ್ರ ಅರಳಲಿಲ್ಲ. ಯಾರೋ ಅವನ ಕುರ್ಚಿ ಎಳೆದುಕೊಂಡ ಹಾಗೆ ನಿಂತಿದ್ದ.

ವಿಷಯ ಹೀಗಿತ್ತು. ಹಿಂದಿನ ಸಂಜೆ ಕೈರೋದಿಂದ ಗಿರಣಿಯ ಅಧ್ಯಕ್ಷರು ಅವನಿಗೆ ಫೋನು ಮಾಡಿದ್ದರು. "ಎಲ್ಲಾ ಅಳಿಸಿಹೋಯಿತೇ? ಪೂರ್ತಿ?" ಎಂದು ಕೇಳಿ, "ದೇವರ ಇಚ್ಛೆ ಷೌಕತ್, ದೇವರ ಇಚ್ಛೆಗೆ ಯಾರನ್ನು ಬೈಯೋದು? ನೀವು ಊಟ ಮಾಡಿ ಮಲಗಿ," ಎಂದಿದ್ದರು. ಹದಿನಾರು ವರ್ಷದಲ್ಲಿ ಅಧ್ಯಕ್ಷರು ಅವನ ಊಟದ ಬಗ್ಗೆ ಮಾತಾಡಿದ್ದು ಅದೇ ಮೊದಲು. ಮಲಗುವ ಮೊದಲೇ ಅವನಿಗೆ ಎಲ್ಲ ಅರ್ಥವಾಗಿತ್ತು: ಉಸಿರಿನ ಅಂಕಿಗಳು ಅಳಿದೇ ಇರುವುದು ಅಧ್ಯಕ್ಷರಿಗೆ ಬೇಕು. ಈಗ ಇನ್ನೊಂದು ಚಿಂತೆ ಹತ್ತಿತು: ನಾಳೆ ಗುರುವಾರ ಸಮಿತಿಯವರು ತಮ್ಮದೇ ತಂತ್ರಜ್ಞನನ್ನು ತರುತ್ತಾರೆ. ಆತನೂ ಇದೇ ಹಣೆಬರಹ ಓದಿಬಿಟ್ಟರೆ?

ಅವನು ಕೋಟಿನ ಜೇಬಿನಿಂದ ಮಡಿಸಿದ ಕಾಗದ ತೆಗೆದ. "ಎಂಜಿನಿಯರಮ್ಮನವರೇ, ಹಳೆಯದನ್ನು ರಿಪೇರಿ ಮಾಡೋದು ಬೇಡ. ನಮ್ಮ ಸೋದರಳಿಯ ಮೊಬೈಲ್ ಅಂಗಡಿ ಇಟ್ಟಿದಾನೆ, ತಿಳಿದವನು. ಹೊಸದಾಗಿ ಕಟ್ಟೋಕೆ ಅವನೇ ಬರೆದುಕೊಟ್ಟಿದಾನೆ. ನಾಳೆಗೆ ಎಲ್ಲ ಹೊಸದು, ಚೊಕ್ಕಟ."

ವಿದಾದ್ ಕಾಗದ ಓದಿ ಮಡಿಸಿ ವಾಪಸು ಕೊಟ್ಟಳು. "ಇದು ಕಟ್ಟೂದಲ್ರಿ, ಗೋರಿ ತೋಡೂದು. ಇದನ್ನ ಹೇಳಿದರ ಡಿಸ್ಕಿನ ಹಣಿ ಮ್ಯಾಲಿಂದೆಲ್ಲಾ ಒರಸಿ ಹೊಸಾ ಪಾಳಿ ಬರೀತೈತಿ. ಸನೂಸಿ ಕಾಕಾಂದು, ಇಲ್ಲೇ ನೂಲತಿದ್ದ ನಮ್ಮಕ್ಕಂದು, ಈ ಇತ್ರೀಸ್ ಕಾಕಾಂದು, ಎಲ್ಲಾ ಹೋಗತೈತಿ."

"ಹೋಗಿದೆ ಅಂತ ಆಗಲೇ ವರದಿ ಹೋಗಿದೆ, ಮೇಡಂ. ವರದಿಯಲ್ಲಿ ಹೋಗಿದ್ದು ಯಂತ್ರದಲ್ಲಿ ಇರೋದು ಅಕ್ರಮ."

ಎಂಜಿನಿಯರಮ್ಮ ಹೋಗಿ ಮೇಡಂ ಆದದ್ದನ್ನು ವಿದಾದ್ ಗಮನಿಸಿದಳು.

ಷೌಕತ್ ಚಹಾದ ಸ್ಟೂಲು ಎಳೆದುಕೊಂಡು ಕೂತ. ಕೀಬೋರ್ಡನ್ನು ಅವಳ ತೊಡೆಯಿಂದ ತನ್ನ ತೊಡೆಗೆ ತೆಗೆದುಕೊಂಡು, ಒಂದು ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕುವ ಹಾಗೆ, ಕಾಗದ ನೋಡಿ ಒಂದೊಂದೇ ಅಕ್ಷರ ಕುಟ್ಟಿದ. ಕಾಲು ಗಂಟೆ ಹಿಡಿಯಿತು. ಎರಡು ಸಲ ಯಂತ್ರ ಅರ್ಥವಾಗಲಿಲ್ಲ ಎಂದಿತು. ಎರಡು ಸಲವೂ ಅವನು ಫೋನಿನಲ್ಲಿ ಸೋದರಳಿಯನಿಗೆ ಅವನ ತಾಯಿಯ ಎದುರು ಆಡಬಾರದ ಮಾತು ಆಡಿ, ಆ ತಾಯಿ ತನ್ನ ಅಕ್ಕನೇ ಎಂದು ನೆನಪಾಗಿ ದೇವರ ಕ್ಷಮೆ ಕೇಳಿದ. ಮೂರನೇ ಸಲ ಸರಿಯಾಯಿತು. ಪರದೆಯ ಮೇಲೆ ಒಂದರ ಕೆಳಗೊಂದು ಸಾಲು ಇಳಿದವು.

"ಏನನ್ನುತ್ತೆ?"

ವಿದಾದ್ ಓದಿ ಹೇಳಿದಳು. "ಒಂದನೇದು ಆಗಲೇ ಒಂದು ಪಾಳಿಯಲ್ಲಿದೆ ಅಂತೈತಿ. ಎರಡನೇದು ಆಗಲೇ ಒಂದು ಪಾಳಿಯಲ್ಲಿದೆ. ಮೂರನೇದು ಆಗಲೇ..."

"ಸಾಕು, ಸಾಕು."

"ಏಳ ಸಲ ಹೇಳೈತ್ರಿ. ಯಂತ್ರಕ್ಕ ಇರೋ ಮರ್ಯಾದಿ ನೋಡ್ರಿ. ಆದರೂ ಮುಂದುವರಿಸಲೇ, ಹೌದೋ ಅಲ್ಲವೋ, ಅಂತ ಕೇಳಾಕತ್ತೈತಿ."

ಪರದೆಯ ಕೊನೆಯ ಸಾಲಿನಲ್ಲಿ ಒಂದು ಚಿಕ್ಕ ಬಿಳಿ ಚೌಕ ಮಿನುಗುತ್ತಿತ್ತು.

ಷೌಕತ್‌ನ ಬೆರಳು ಕೀಬೋರ್ಡಿನ ಮೇಲೆ ಎದ್ದು ನಿಂತಿತು. ಹಾಗೇ ನಿಂತು, ನಿಧಾನವಾಗಿ ಮಡಚಿಕೊಂಡಿತು. ಈ ಯಂತ್ರಕ್ಕೆ ಒಮ್ಮೆ ಕೈ ಹಾಕಿ ಅವನಿಗೆ ಬುದ್ಧಿ ಬಂದಿತ್ತು. ಕೀಬೋರ್ಡನ್ನು ಎರಡು ಕೈಯಲ್ಲಿ ಎತ್ತಿ, ನಿದ್ದೆ ಹೋದ ಮಗುವನ್ನು ಕೊಡುವ ಹಾಗೆ, ವಿದಾದ್‌ಳ ತೊಡೆಯ ಮೇಲೆ ಮಲಗಿಸಿದ.

"ಕರಡು ನಾನು ಬರೆದಿದೀನಿ. ಸಹಿ ತಂತ್ರಜ್ಞರದ್ದು. ಹೌದು ಅಂತ ಒಂದು ಅಕ್ಷರ ಒತ್ತಿ."

"ನೀವ ಒತ್ರಿ."

"ನಾನು ಆಡಳಿತ, ಮೇಡಂ. ಆಡಳಿತ ಒತ್ತೋದಿಲ್ಲ, ಒತ್ತಿಸುತ್ತೆ."

ಇನ್ನೊಂದು ಜೇಬಿನಿಂದ ಇನ್ನೊಂದು ಕಾಗದ ಬಂತು. ಅಮಾನತು ರದ್ದು. ಹಸಿರು ಶಾಯಿ ಇನ್ನೂ ಹಸಿಯಾಗಿತ್ತು. ಕೆಳಗೆ ಒಂದು ಸಾಲು ಹೆಚ್ಚಿಗೆ ಸೇರಿತ್ತು: ಸದರಿ ನೌಕರಳು ಇನ್ನು ಮುಂದೆ ಎಂಜಿನಿಯರ್ ಎಂಬ ಪದನಾಮಕ್ಕೆ ಅರ್ಹಳು.

ವಿದಾದ್ ಆ ಸಾಲನ್ನು ಎರಡು ಸಲ ಓದಿದಳು. ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳ ಇಬ್ಬರು ಹೆಣ್ಣುಮಕ್ಕಳು ಇನ್ನೂ ಓದುತ್ತಿದ್ದರು. ಅಮಾನತಾದವಳಿಗೆ ಈ ಊರಿನಲ್ಲಿ ಬೇರೆ ಗಿರಣಿ ಇರಲಿಲ್ಲ. ಕಾರಿಡಾರಿನ ಕೆಳಗಿನಿಂದ ಕದಿರುಗಳ ಸದ್ದು ಬರುತ್ತಿತ್ತು, ಇಪ್ಪತ್ತೆಂಟು ವರ್ಷದಿಂದ ಕಿವಿಗೆ ಕೇಳಿಸುವುದನ್ನೇ ಬಿಟ್ಟಿದ್ದ ಸದ್ದು.

ಆಮೇಲೆ ಅವಳು ಬಗ್ಗಿ, ಹೊಸ್ತಿಲ ಈಚೆ ನೆಲದ ಮೇಲೆ ಎರಡು ತಂತಿ ಕೂಡುವ ಕಡೆ ಕೈ ಹಾಕಿ, ಬಿಡಿಸಿದಳು. ತನ್ನ ಕಡೆಯ ತಂತಿಯನ್ನು ಹೆಬ್ಬೆರಳಿಗೂ ಮೊಣಕೈಗೂ ನಡುವೆ ಸುತ್ತತೊಡಗಿದಳು. ಹುಡುಗಿಯಾಗಿದ್ದಾಗ ಲಡಿ ಸುತ್ತುತ್ತಿದ್ದ ಹಾಗೆ, ಎಳೆಯ ಪಕ್ಕ ಎಳೆ, ಒಂದರ ಮೇಲೊಂದು ಹತ್ತದಂತೆ.

"ಏನು ಮಾಡ್ತಾ ಇದೀರಿ?"

"ಸಂದರ್ಶಕರ ಹೊತ್ತ ಮುಗೀತ್ರಿ." ಸುತ್ತಿದ ಲಡಿಯನ್ನು ಕೀಬೋರ್ಡಿನ ಮೇಲಿಟ್ಟು, ಅದರ ಮೇಲೆ ತನ್ನ ಎರಡೂ ಕೈ ಇಟ್ಟಳು. "ನಾ ಒತ್ತೂದಿಲ್ಲ."

ಷೌಕತ್ ಎದ್ದು ನಿಂತ. ಮುಖ ಕೆಂಪಾಗಿತ್ತು. ಮೂವತ್ತು ವರ್ಷದ ರೂಢಿಯಂತೆ, ಅವಳ ಹೆಗಲಾಚೆ ನೋಡಿ ಕೂಗಿದ.

"ಇತ್ರೀಸ್! ಬಾ ಇಲ್ಲಿ. ಆ ತಂತಿ ತಗೊಂಡು ಜೋಡಿಸು. ನಾನು ತೋರಿಸೋ ಅಕ್ಷರ ಒತ್ತು. ನಿನಗೇನು ಓದೋಕೆ ಬರಬೇಕಾಗಿಲ್ಲ."

ಕಾಕಾನ ತುಟಿ ತಾನಾಗಿ ಅಲುಗಿತು. ಹಾ ಎಂಬುವಷ್ಟು ಹೊರಗೆ ಬಂತು. ಅಷ್ಟರಲ್ಲಿ ಕೆಮ್ಮು ಅದರ ಬೆನ್ನು ಹತ್ತಿ ಬಂದು ಮಾತನ್ನು ನುಂಗಿತು. ಗೋಡೆಗೆ ಒರಗಿ ಬಹಳ ಹೊತ್ತು ಕೆಮ್ಮಿದ. ಕಣ್ಣಲ್ಲಿ ನೀರು ಬಂತು. ಇಬ್ಬರೂ ಕಾದರು. ಕೋಣೆಯೊಳಗೆ ಬಿಳಿ ಚೌಕವೂ ಕಾಯುತ್ತಿತ್ತು.

ಕೆಮ್ಮು ನಿಂತ ಮೇಲೆ ಕಾಕಾ ತಟ್ಟೆಯನ್ನು ನೆಲಕ್ಕಿಟ್ಟ. ಹಿಡಿಕೆಯ ನೂಲುಗಳನ್ನು ಬೆರಳಿನಿಂದ ಒಮ್ಮೆ ಸವರಿ, ಕೆಂಪು, ನೀಲಿ, ಅವುಗಳ ಪಕ್ಕದಲ್ಲೇ, ಹೊಸ್ತಿಲ ಮೇಲೆ, ನಿರ್ದೇಶಕರ ಎದುರಿಗೆ ಕಾಲು ಚಾಚಿ ಕೂತ. ಪಾಷಾನಿಗೆಂದು ತಂದಿದ್ದ ಗ್ಲಾಸನ್ನು ಎತ್ತಿ ಬಾಯಿಗಿಟ್ಟುಕೊಂಡ.

"ಇತ್ರೀಸ್!"

"ಪಾಷಾ," ಎಂದ ಕಾಕಾ, ಚಹಾದ ಮೇಲಿನ ಪುದೀನ ಎಲೆಯನ್ನು ಊದಿ ಪಕ್ಕಕ್ಕೆ ಸರಿಸುತ್ತ, "ನಾ ಇವತ್ತ ಹಾಜರಿಲ್ಲ."